ಅಂಗಳಕ್ಕೆ ಸಿಮೆಂಟ್ ಬಂದ ವರ್ಷ

ಅರಮನೆಗಳ ಇತಿಹಾಸ ಬರೆಯೋರು ಬಹಳ ಜನ ಇದ್ದಾರೆ, ಅಂಗಳಗಳ ಇತಿಹಾಸ ಬರೆಯೋರು ಕಡಿಮೆ. ಜಮಖಂಡಿ ಸಂಸ್ಥಾನ 1811ರಲ್ಲಿ ಹುಟ್ಟಿತು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು ಅಂತ ಯಾವ ಪುಸ್ತಕ ತೆಗೆದರೂ ಸಿಗುತ್ತೆ. ಅದೇ ಜಮಖಂಡಿಯ ಓಣಿಗಳಲ್ಲಿ ಮನೆ ಮುಂದಿನ ನೆಲ ಮಣ್ಣಿನಿಂದ ಫರಸಿಗೆ, ಫರಸಿಯಿಂದ ಸಿಮೆಂಟಿಗೆ ಯಾವಾಗ ಬದಲಾಯಿತು ಅಂತ ಕೇಳಿದರೆ ಪುಸ್ತಕ ಸುಮ್ಮನಾಗುತ್ತೆ. ಮನೆಯ ಹಿರಿಯರನ್ನು ಕೇಳಿದರೆ ಮಾತ್ರ ಉತ್ತರ ಬರುತ್ತೆ. ಅದೂ ಇಸವಿಯಲ್ಲಿ ಅಲ್ಲ. "ನಿಮ್ಮ ಕಾಕಾನ ಲಗ್ನದಾಗ", "ಕಬ್ಬಿನ ಮೊದಲನೇ ಬಿಲ್ ಬಂದಾಗ", "ಹೊಳಿ ಬಂದು ಹ್ವಾದ ವರ್ಷ" ಅನ್ನೋ ಲೆಕ್ಕದಲ್ಲಿ.

ನಾನು ಓದಿದ್ದು ಬಿ.ಇ. ಸಿವಿಲ್, ಮಾಡ್ತಿರೋದು ಸಾಫ್ಟ್‌ವೇರ್. ನಮ್ಮ ಬ್ಯಾಚಿನ ಅರ್ಧ ಜನರದ್ದು ಇದೇ ಕಥೆ, ಹಾಗಾಗಿ ಅದರಲ್ಲಿ ವಿಶೇಷ ಏನಿಲ್ಲ. ಆದರೆ ಊರಲ್ಲಿ ನಾನಿನ್ನೂ "ಎಂಜಿನಿಯರ್"! ರಜೆಗೆ ಹೋದಾಗಲೆಲ್ಲ ಯಾರಾದರೊಬ್ಬರು ಕರೆದು ಒಡೆದ ಅಂಗಳ ತೋರಿಸಿ, "ಯಾಕ ಹಿಂಗಾತು ಹೇಳು" ಅಂತಾರೆ. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಂದು ಸಣ್ಣ ಇತಿಹಾಸ. ಹೊರಗಿಂದ ನೋಡಿದರೆ ಅದು ಕಲ್ಲು, ಸುಣ್ಣ, ಸಿಮೆಂಟಿನ ಕಥೆ. ಒಳಗೆ ನೋಡಿದರೆ ಪೂರಾ ನೀರಿನ ಕಥೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಬಾಗಲಕೋಟೆ ಜಿಲ್ಲೆಯ ಈ ನಾಲ್ಕು ತಾಲೂಕು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸುಪಾಸಿನಲ್ಲಿವೆ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯ ಭಾಗ, ಬನಹಟ್ಟಿ-ರಬಕವಿ ಮಗ್ಗದ ಊರುಗಳು. ಆಡಳಿತ ಬೇರೆ ಬೇರೆ ಆದರೂ ಮನೆಯ ಹೊರಗಿನ ವ್ಯವಸ್ಥೆ ಎಲ್ಲ ಕಡೆ ಒಂದೇ ಥರ. ಬಾಗಿಲ ಎರಡೂ ಬದಿಗೆ ಕಟ್ಟಿ, ಅದರ ಮುಂದೆ ಅಂಗಳ, ಹಿತ್ತಲಲ್ಲೋ ಹಳ್ಳದ ಕಡೆಗೋ ಮಣ್ಣು ಜಾರದ ಹಾಗೆ ಒಂದು ಒಡ್ಡು. ಬೆಂಗಳೂರಿನ ವಿಲ್ಲಾ ಬ್ರೋಷರ್‌ಗಳಲ್ಲಿ ಪ್ಯಾಟಿಯೋ, ವಾಕ್‌ವೇ, ರಿಟೇನಿಂಗ್ ವಾಲ್ ಅಂತ ಹಾಕ್ತಾರಲ್ಲ, ಅವೇ ಇವು.

ಮೊದಲು ಕಲ್ಲು. ಮುಧೋಳ ತಾಲೂಕಿನ ಲೋಕಾಪುರದ ಸುತ್ತಮುತ್ತ ನೆಲದಡಿ ಸುಣ್ಣದ ಕಲ್ಲು ಪದರ ಪದರವಾಗಿ ಕೂತಿದೆ. ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಭೂವಿಜ್ಞಾನಿ ಈ ಸೀಮೆಯನ್ನೆಲ್ಲ ಅಡ್ಡಾಡಿ 1876ರಲ್ಲಿ ವರದಿ ಪ್ರಕಟಿಸಿದಾಗ ಈ ಶಿಲೆಗಳಿಗೆ ಕಲಾದಗಿಯ ಹೆಸರು ಬಂತು. ಆಗ ಕಲಾದಗಿಯೇ ಜಿಲ್ಲಾ ಕೇಂದ್ರ. ಜಿಲ್ಲಾ ಕಚೇರಿ 1885ರಲ್ಲಿ ವಿಜಾಪುರಕ್ಕೆ ಹೋಯಿತು, ಕಲಾದಗಿ ದಾಳಿಂಬೆಯ ಊರಾಗಿ ಉಳಿಯಿತು. ಆದರೆ ಭೂವಿಜ್ಞಾನದ ಪುಸ್ತಕಗಳಲ್ಲಿ ಅದು ಇಂದಿಗೂ ರಾಜಧಾನಿಯೇ. ಲೋಕಾಪುರದ ಹೆಸರಿನಲ್ಲೂ ಒಂದು ಶಿಲಾವರ್ಗವಿದೆ.

ಈ ಸುಣ್ಣದ ಕಲ್ಲಿನ ಮೇಲೆ ನಮ್ಮ ಕಡೆಯ ಕಟ್ಟಡಗಳ ಕಥೆಯೆಲ್ಲ ನಿಂತಿದೆ. ಅದನ್ನು ಪದರಗಳಾಗಿ ಸೀಳಿದರೆ ಫರಸಿ. ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟು ನೀರು ಹಾಕಿದರೆ ಸುಣ್ಣ. ಮಣ್ಣಿನ ಅಂಶ ಬೆರೆಸಿ 1450 ಡಿಗ್ರಿ ತನಕ ಸುಟ್ಟು, ಪುಡಿ ಮಾಡಿ, ತುಸು ಜಿಪ್ಸಂ ಸೇರಿಸಿದರೆ ಸಿಮೆಂಟ್. ಒಂದೇ ಕಲ್ಲಿಗೆ ಮೂರು ಅವತಾರ. ನಮ್ಮ ಅಂಗಳಗಳು ಇನ್ನೂರು ವರ್ಷದಲ್ಲಿ ಈ ಮೂರನ್ನೂ ಕಂಡಿವೆ.

ಬಡವರ ಮನೆಗೆ ಫರಸಿಯೂ ಇರಲಿಲ್ಲ, ಮಣ್ಣು ಮತ್ತು ಸೆಗಣಿ ಅಷ್ಟೇ. ಗರಸು ಹಾಕಿ, ನೀರು ಚಿಮುಕಿಸಿ, ಬಡಿದು ಬಡಿದು ಗಟ್ಟಿ ಮಾಡಿದ ನೆಲ. ವಾರಕ್ಕೊಮ್ಮೆ, ಹಬ್ಬಕ್ಕೊಮ್ಮೆ ಸಾರಣೆ. ತುಸು ಅನುಕೂಲಸ್ಥರ ಅಂಗಳಕ್ಕೆ ಫರಸಿ. ಹತ್ತಿರದ ಕಲ್ಲು ಸಿಕ್ಕವರಿಗೆ ಅದೇ, ದುಡ್ಡಿದ್ದವರಿಗೆ ಕಲಬುರ್ಗಿ ಕಡೆಯ ಶಹಾಬಾದ ಕಲ್ಲು. ಎರಡಡಿ ಚೌಕದ, ಒಂದೂವರೆ ಇಂಚು ದಪ್ಪದ ಒಂದು ಫರಸಿ ಸುಮಾರು 35–40 ಕಿಲೊ ತೂಗುತ್ತೆ. ಇಬ್ಬರು ಸೇರಿದರೆ ಎತ್ತಬಹುದು, ಕೆಳಗೆ ಉಸುಕು ಸರಿಮಾಡಿ ಮತ್ತೆ ಕೂರಿಸಬಹುದು. ಈ ತೂಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಸಂಸ್ಥಾನಿಕರು, ದೇಸಾಯರು, ದೊಡ್ಡ ಸಾಹುಕಾರರ ವಾಡೆಗಳಿಗೆ ಮಾತ್ರ ಗಚ್ಚು. ಸುಣ್ಣ, ಉಸುಕು, ಇಟ್ಟಿಗೆ ಪುಡಿಯನ್ನು ಎತ್ತಿನ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ರಸ ಬೆರೆಸಿ ಹದ ಮಾಡೋರು. ಬೆಲ್ಲದ ದೊಡ್ಡ ಪೇಟೆ ಮಹಾಲಿಂಗಪುರ ಇರೋ ಸೀಮೆಯಲ್ಲಿ ಗೋಡೆಗೂ ಬೆಲ್ಲ ತಿನ್ನಿಸೋದು ಯಾರಿಗೂ ವಿಚಿತ್ರ ಅನ್ನಿಸಿರಲಿಕ್ಕಿಲ್ಲ. ಸುಣ್ಣದ ಗಾರೆ ಗಟ್ಟಿಯಾಗೋದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುವುದರಿಂದ. ಅದಕ್ಕೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೇಕು. ಅಷ್ಟು ಕಾಯೋ ಪುರಸೊತ್ತು ಅರಮನೆಗಳಿಗೆ ಮಾತ್ರ ಇತ್ತು ಅನ್ನಿ.

ಇನ್ನು ಒಡ್ಡು. ಇದು ವಡ್ಡರು ಅಂದರೆ ಭೋವಿ ಸಮುದಾಯದ ಕೈಚಳಕ. ಗಾರೆ ಇಲ್ಲ, ಸಿಮೆಂಟ್ ಇಲ್ಲ. ಕೆಳಗೆ ಅಗಲ, ಮೇಲೆ ಕಿರಿದು, ಮಣ್ಣಿನ ಕಡೆಗೆ ತುಸು ಒರಗಿದ ಒಣ ಕಲ್ಲಿನ ಗೋಡೆ. ದೊಡ್ಡ ಕಲ್ಲಿನ ಸಂದಿಗೆ ಚಕ್ಕೆಕಲ್ಲು ಬಡಿದು ಬಿಗಿ ಮಾಡೋರು. ಹೊಲದ ಬದುವಿಗೂ ಇದೇ ವಿದ್ಯೆ, ಹಿತ್ತಲಿಗೂ ಇದೇ. 1876–78ರ ಬರ ಈ ಸೀಮೆಯನ್ನು ನುಂಗಿ ಹಾಕಿದ ಮೇಲೆ, ಮಳೆ ನೀರನ್ನು, ಮಣ್ಣನ್ನು ತಡೆದು ನಿಲ್ಲಿಸೋದು ಹೇಗೆ ಅನ್ನೋದು ಸರ್ಕಾರಕ್ಕೂ ಚಿಂತೆಯಾಯಿತು. ಮುಂಬಯಿ ಸರ್ಕಾರ 1942ರಲ್ಲಿ ಭೂ ಸುಧಾರಣಾ ಯೋಜನೆಗಳ ಕಾಯ್ದೆ ತಂದು ಬದು ಹಾಕಿಸೋ ಕೆಲಸಕ್ಕೆ ಕೈಹಾಕಿತು. ಬ್ರಿಟಿಷ್ ಆಡಳಿತದ ಬೀಳಗಿ ಅದರ ವ್ಯಾಪ್ತಿಯಲ್ಲಿತ್ತು. ಪಕ್ಕದ ಜಮಖಂಡಿ, ಮುಧೋಳ ಸಂಸ್ಥಾನಗಳಾದ್ದರಿಂದ ಹೊರಗೆ. ಕಾಗದದಲ್ಲಿ ಗಡಿ ಇತ್ತು. ಒಡ್ಡು ಹಾಕೋ ಕೈಗಳಿಗೆ ಅದರ ಪರಿವೆ ಇರಲಿಲ್ಲ.

ಒಣ ಕಲ್ಲಿನ ಒಡ್ಡಿನ ದೊಡ್ಡ ಗುಣ ಅದು ಸೋರುತ್ತೆ ಅನ್ನೋದು. ಮಳೆ ಬಂದಾಗ ಹಿಂದಿನ ಮಣ್ಣಿನಲ್ಲಿ ತುಂಬಿದ ನೀರು ಸಂದಿಗಳಿಂದ ಹೊರಗೆ ಹೋಗುತ್ತೆ, ಮಣ್ಣು ಅಲ್ಲೇ ನಿಲ್ಲುತ್ತೆ. ಫರಸಿ ಅಂಗಳವೂ ಹಾಗೇ. ಸಂದಿಯಲ್ಲಿ ಸ್ವಲ್ಪ ನೀರು ಇಂಗುತ್ತೆ, ಉಳಿದದ್ದು ಇಳಿಜಾರು ಹಿಡಿದು ಓಣಿಗೆ ಹೋಗುತ್ತೆ. ಸಂದಿಯಲ್ಲಿ ಗರಿಕೆ ಬೆಳೆಯುತ್ತೆ, ಆಗಾಗ ಕಿತ್ತು ಹಾಕಬೇಕು. ಅಷ್ಟೇ ನಿರ್ವಹಣೆ.

ಇಲ್ಲಿಗೆ ನಿಲ್ಲಿಸಿದರೆ ಇದೊಂದು "ಹಳೇ ಕಾಲವೇ ಚೆಂದ" ಲೇಖನ ಆಗುತ್ತೆ. ನಾನು ಅದಕ್ಕೆ ಸಿದ್ಧನಿಲ್ಲ. ಕಟ್ಟಿಯ ವಿಷಯವನ್ನೇ ತಗೊಳ್ಳಿ. ಊರಿನ ಹರಟೆ, ಪಂಚಾಯ್ತಿ, ಹೆಣ್ಣು ನೋಡೋ ಶಾಸ್ತ್ರ, ಎಲೆ-ಅಡಿಕೆ ಎಲ್ಲ ಕಟ್ಟಿಯ ಮೇಲೇ ನಡೀತಿತ್ತು ಅಂತ ನಾವು ಹೆಮ್ಮೆಯಿಂದ ಬರೀತೀವಿ. ಆದರೆ ಆ ಕಟ್ಟಿ ಹತ್ತೋ ಹಕ್ಕು ಎಲ್ಲರಿಗೂ ಇರಲಿಲ್ಲ. ಹೊಲೆಗೇರಿಯಿಂದ ಬಂದವರು ಅಂಗಳದ ಅಂಚಿನಲ್ಲಿ ನಿಂತೇ ಮಾತಾಡಬೇಕಿತ್ತು. ಆ ಕಲ್ಲು ಕಡಿದು, ಹೊತ್ತು, ಕಟ್ಟಿ ಕಟ್ಟಿದವರೇ ಕೆಲಸ ಮುಗಿದ ಮರುದಿನ ಅದರ ಮೇಲೆ ಕೂರುವಂತಿರಲಿಲ್ಲ. ಕಟ್ಟಿಯ ಎತ್ತರದಲ್ಲಿ ಜಾತಿಯ ಅಳತೆಯೂ ಇತ್ತು.

ಸಾರಣೆಯ ವಿಷಯವೂ ಅಷ್ಟೇ. ಸೆಗಣಿ ಸಾರಿಸಿದ ಅಂಗಳದ ಮೇಲೆ ರಂಗೋಲಿ ಹಾಕಿದ ಫೋಟೋ ನೋಡಿ ನಾವು ಲೈಕ್ ಒತ್ತುತ್ತೇವೆ. ಆ ಅಂಗಳವನ್ನು ಬಗ್ಗಿ ಬಗ್ಗಿ ಸಾರಿಸಿದವರ ಸೊಂಟವನ್ನು ಯಾರೂ ಕೇಳಲ್ಲ. ಅಂಗಳಕ್ಕೆ ಸಿಮೆಂಟ್ ಬಂದ ದಿನ ನಮ್ಮವ್ವ ಅಂದಿದ್ದು ಒಂದೇ ಮಾತಂತೆ: "ನನ್ನ ಕೈಗೆ ಇವತ್ತ ಬಿಡುಗಡಿ ಆತು." ಈ ಲೇಖನದಲ್ಲಿ ಸಿಮೆಂಟಿನ ಬಗ್ಗೆ ಮುಂದೆ ಏನೇ ಹೇಳಿದರೂ ಆ ಮಾತನ್ನು ಪಕ್ಕದಲ್ಲಿ ಇಟ್ಟುಕೊಂಡೇ ಹೇಳ್ತೀನಿ.

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಲೀಡ್ಸಿನ ಜೋಸೆಫ್ ಆಸ್ಪ್‌ಡಿನ್ ಅನ್ನೋ ಇಟ್ಟಿಗೆ ಕೆಲಸಗಾರ ಪೇಟೆಂಟ್ ತಗೊಂಡಿದ್ದು 1824ರಲ್ಲಿ. ಅದು ಲೀಡ್ಸಿನಿಂದ ನಮ್ಮ ಅಂಗಳ ಮುಟ್ಟೋಕೆ ಸುಮಾರು 165 ವರ್ಷ ಬೇಕಾಯಿತು. ಭಾರತದಲ್ಲಿ ಸಿಮೆಂಟ್ ಉದ್ಯಮ ನೆಲೆಯೂರಿದ್ದು 1914ರಲ್ಲಿ ಗುಜರಾತಿನ ಪೋರಬಂದರಿನ ಕಾರ್ಖಾನೆಯಿಂದ. ಬಾಗಲಕೋಟೆಗೇ ಸಿಮೆಂಟ್ ಕಾರ್ಖಾನೆ ಬಂದಿದ್ದು 1950ರ ದಶಕದಲ್ಲಿ. ಹಾಗಾದರೆ ಪಕ್ಕದ ಜಮಖಂಡಿ, ಮುಧೋಳದ ಮನೆಗಳಿಗೆ ಆಗಲೇ ಸಿಮೆಂಟ್ ಬರಬೇಕಿತ್ತಲ್ಲ? ಬರಲಿಲ್ಲ. ಅದಕ್ಕೆ ಕಾರಣ ಪರ್ಮಿಟ್.

ನಮ್ಮ ತಲೆಮಾರಿಗೆ ಇದು ನಂಬೋಕೆ ಕಷ್ಟ. ಆಗ ಸಿಮೆಂಟಿನ ಬೆಲೆ, ಹಂಚಿಕೆ ಎರಡೂ ಸರ್ಕಾರದ ಹಿಡಿತದಲ್ಲಿದ್ದವು. ಹತ್ತು ಚೀಲ ಸಿಮೆಂಟಿಗೂ ಅರ್ಜಿ ಹಾಕಿ, ಕಚೇರಿ ಸುತ್ತಿ, ಪರ್ಮಿಟ್ ಹಿಡಿದು ಕಾಯಬೇಕು. ಅಣೆಕಟ್ಟು, ಸೇತುವೆ, ಸರ್ಕಾರಿ ಕಟ್ಟಡಕ್ಕೆ ಮೊದಲ ಪಾಲು. ಉಳಿದದ್ದಕ್ಕೆ ಕಾಳಸಂತೆ. ಪಕ್ಕದ ಮಹಾರಾಷ್ಟ್ರದಲ್ಲಿ ಮುಖ್ಯಮಂತ್ರಿ ಎ.ಆರ್. ಅಂತುಳೆ 1982ರ ಜನವರಿಯಲ್ಲಿ ಕುರ್ಚಿ ಬಿಟ್ಟಿದ್ದೇ ಸಿಮೆಂಟ್ ಹಂಚಿಕೆಯ ಗದ್ದಲದಲ್ಲಿ. ಬಿಲ್ಡರುಗಳಿಗೆ ಸಿಮೆಂಟ್ ಕೊಟ್ಟು ಟ್ರಸ್ಟುಗಳಿಗೆ ದೇಣಿಗೆ ಪಡೆದರು ಅನ್ನೋ ಆರೋಪದಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ಅವರ ವಿರುದ್ಧ ಬಂದಿತ್ತು. ಒಂದು ಚೀಲ ಬೂದಿ ಬಣ್ಣದ ಪುಡಿ ಸರ್ಕಾರದ ಮುಖ್ಯಸ್ಥರನ್ನೇ ಕೆಳಗಿಳಿಸೋ ಕಾಲದಲ್ಲಿ, ಜಮಖಂಡಿ ತಾಲೂಕಿನ ರೈತ ಅಂಗಳಕ್ಕೆ ಸಿಮೆಂಟ್ ಹಾಕಿಸೋ ಮಾತೆಲ್ಲಿ?

ಅದೇ 1982ರ ಫೆಬ್ರವರಿ ಕೊನೆಗೆ ನಿಯಂತ್ರಣ ಅರ್ಧ ಸಡಿಲವಾಯಿತು. 1989ರ ಮಾರ್ಚ್ 1ರಂದು ಪೂರ್ತಿ ಹೋಯಿತು. ಅಂಗಡಿಗೆ ಹೋಗಿ ದುಡ್ಡು ಕೊಟ್ಟರೆ ಸಿಮೆಂಟ್ ಸಿಗುತ್ತೆ! ಆದರೆ ದುಡ್ಡು? ಅದಕ್ಕೆ ಉತ್ತರವೂ 1989ರಲ್ಲೇ ಇದೆ.

ಕೃಷ್ಣಾ ನದಿ ಜಮಖಂಡಿ ತಾಲೂಕಿನ ಮೈಮೇಲೇ ಹರಿದು ಹೋಗುತ್ತೆ. ಹರಿದು ಹೋಗೋದಷ್ಟೇ, ಬೇಸಿಗೆಯಲ್ಲಿ ದಂಡೆಯ ಹೊಲಗಳಿಗೆ ನೀರಿಲ್ಲ. ಬ್ಯಾರೇಜ್ ಕಟ್ಟಿಕೊಡಿ ಅಂತ ಸರ್ಕಾರವನ್ನು ಕೇಳಿ ಕೇಳಿ ಸಾಕಾದ ರೈತರು ಕೃಷ್ಣಾ ತೀರ ರೈತ ಸಂಘ ಮಾಡಿಕೊಂಡು, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ವಂತಿಗೆ ಕೂಡಿಸಿ, ತಾವೇ ಬೆವರು ಸುರಿಸಿ, ಚಿಕ್ಕಪಡಸಲಗಿ ಹತ್ತಿರ ಬ್ಯಾರೇಜ್ ಕಟ್ಟಿದರು. 1989ರಲ್ಲಿ. ಅದರ ಹೆಸರು ಶ್ರಮಬಿಂದು ಸಾಗರ. ದೇಶದಲ್ಲಿ ರೈತರೇ ಕಟ್ಟಿದ ಮೊದಲ ಬ್ಯಾರೇಜ್ ಅನ್ನೋ ಹೆಗ್ಗಳಿಕೆ ಅದಕ್ಕೆ. ಎರಡೇ ವರ್ಷದಲ್ಲಿ, 1991ರ ಲೋಕಸಭಾ ಚುನಾವಣೆಯಲ್ಲಿ, ಬಾಗಲಕೋಟೆ ಕ್ಷೇತ್ರದಿಂದ ಇದೇ "ಬ್ಯಾರೇಜ್ ಸಿದ್ದು" ರಾಮಕೃಷ್ಣ ಹೆಗಡೆಯಂಥ ಘಟಾನುಘಟಿಯನ್ನೇ ಸೋಲಿಸಿದರು.

ನೀರು ಬಂತು, ಕಬ್ಬು ಬಂತು. ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆಗಳು ಬಂದವು, ಕಾರ್ಖಾನೆಯಿಂದ ಬಿಲ್ ಬಂತು. ಬಿಲ್ ಬಂದವರ ಮನೆಯ ಮಣ್ಣಿನ ಮಾಳಿಗೆ ಇಳಿದು ಆರ್‌ಸಿಸಿ ಸ್ಲ್ಯಾಬ್ ಏರಿತು. ಸ್ಲ್ಯಾಬ್ ಹಾಕಿ ಉಳಿದ ಸಿಮೆಂಟು, ಖಡಿ, ಉಸುಕು ಅಂಗಳಕ್ಕೆ. ಹೊಳೆಗೆ ಅಡ್ಡ ಕಾಂಕ್ರೀಟ್ ನಿಂತ ವರ್ಷವೇ ಮನೆ ಮುಂದೆ ಕಾಂಕ್ರೀಟ್ ಬೀಳೋ ದಾರಿಯೂ ತೆರೆದಿದ್ದು ಕಾಕತಾಳೀಯ ಇರಬಹುದು. ಆದರೆ ನಮ್ಮ ಊರುಗಳ ಮುಖ ಬದಲಾಗಿದ್ದು ಅಲ್ಲಿಂದಲೇ. ಕೊನೆಗೆ 2009ರಲ್ಲಿ ಮುಧೋಳ ತಾಲೂಕಿನ ಮುದ್ದಾಪುರದಲ್ಲೇ ಜೆ.ಕೆ. ಸಿಮೆಂಟ್ ಕಾರ್ಖಾನೆ ಶುರುವಾಯಿತು. ಅಜ್ಜಂದಿರು ಫರಸಿಯಾಗಿ ಹಾಸಿದ ಸುಣ್ಣದ ಕಲ್ಲು ಈಗ ಚೀಲದಲ್ಲಿ ಬರತೊಡಗಿತು.

ಬನಹಟ್ಟಿ-ರಬಕವಿಯಲ್ಲಿ ಈ ಕಥೆ ಮನೆಯೊಳಕ್ಕೂ ಹೋಯಿತು. ಅಲ್ಲಿ ನೇಕಾರರದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಕಾಲು ಅದರೊಳಗೆ ಇಳಿಬಿಟ್ಟು ತುಳಿಯೋದು. ಕುಣಿಯ ತಂಪಿಗೆ ನೂಲು ಕಡಿಯೋದು ಕಡಿಮೆ, ಹಾಗಾಗಿ ಮಣ್ಣಿನ ನೆಲವೂ ಒಂದು ಸಲಕರಣೆಯೇ. ಓಣಿಯುದ್ದಕ್ಕೂ ಹಾಸು ಎಳೆದು ಗಂಜಿ ಹಚ್ಚೋರು, ಅಂದರೆ ಮನೆ ಮುಂದಿನ ಜಾಗವೂ ಕಾರ್ಖಾನೆಯೇ. ವಿದ್ಯುತ್ ಮಗ್ಗ ಬಂದಾಗ ಕುಣಿ ಮುಚ್ಚಬೇಕಾಯಿತು. ದಡಬಡ ಅನ್ನೋ ಯಂತ್ರಕ್ಕೆ ಗಟ್ಟಿ ನೆಲ ಬೇಕು. ಕುಣಿಗೆ ಗರಸು ತುಂಬಿ ಮೇಲೆ ಕಾಂಕ್ರೀಟ್ ಹಾಕಿದರು. ಆ ಮನೆಗಳಲ್ಲಿ ಒಂದು ಕಸುಬಿನ ಇತಿಹಾಸ ಅಕ್ಷರಶಃ ನೆಲದ ಕೆಳಗಿದೆ.

ಬೀಳಗಿಯದು ಇನ್ನೂ ಬೇರೆ. ಘಟಪ್ರಭಾ ನದಿ ಕೃಷ್ಣೆಯನ್ನು ಸೇರೋ ಚಿಕ್ಕಸಂಗಮ ಇರೋದು ಈ ತಾಲೂಕಿನಲ್ಲಿ. ಆಲಮಟ್ಟಿ ಜಲಾಶಯ 519.6 ಮೀಟರ್ ತನಕ ತುಂಬಿದಾಗ ಈ ದಂಡೆಯ ಊರುಗಳು ಹಿನ್ನೀರಿಗೆ ಹೋದವು, ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ನಮ್ಮ ಸೋದರತ್ತೆಯ ಮನೆಯವರು ಹಳೇ ಮನೆ ಬಿಚ್ಚಿದಾಗ ಬಾಗಿಲು, ತೊಲೆಗಳ ಜೊತೆ ಅಂಗಳದ ಫರಸಿಯನ್ನೂ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದರು. ಹೊಸ ಜಾಗದಲ್ಲಿ ಮನೆ ಪೂರಾ ಸಿಮೆಂಟಿನದು, ಬಾಗಿಲ ಮುಂದೆ ಮಾತ್ರ ಆ ಹಳೇ ಕಲ್ಲು. ಎತ್ತಿ ತರಬಹುದಾದ ಅಂಗಳ ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಅಲ್ಲಿ. ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಲು 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಒಪ್ಪಿಗೆ ಕೊಟ್ಟಿದೆ. ಅದು ಜಾರಿಯಾದರೆ ಇನ್ನಷ್ಟು ಊರುಗಳು ಏಳಬೇಕು. ಈ ಸಲ ಏಳೋ ಅಂಗಳಗಳನ್ನು ಟ್ರ್ಯಾಕ್ಟರಿನಲ್ಲಿ ಹೇರೋಕೆ ಆಗಲ್ಲ.

ಈಗ ಊರವರ ಪ್ರಶ್ನೆಗೆ ಬರೋಣ. ಯಾಕ ಹಿಂಗಾತು?

ಮೊದಲನೇ ಕಾರಣ ಎರಿ ಮಣ್ಣು. ನಮ್ಮ ಕರಿ ಎರಿ ಭೂಮಿ ಉಸಿರಾಡುತ್ತೆ. ನೀರು ಕುಡಿದರೆ ಉಬ್ಬುತ್ತೆ, ಬಿಸಿಲಿಗೆ ಕುಗ್ಗುತ್ತೆ. ಬೇಸಿಗೆಯಲ್ಲಿ ಎರಿ ಹೊಲದ ಬಿರುಕಿಗೆ ಕೈ ಹಾಕಿದರೆ ಮೊಣಕೈ ತನಕ ಹೋಗುತ್ತೆ. ಅಂಥ ಮಣ್ಣಿನ ಮೇಲೆ 20 ಅಡಿಗೆ 15 ಅಡಿಯ ಅಂಗಳಕ್ಕೆ ನಾಲ್ಕಿಂಚು ಕಾಂಕ್ರೀಟ್ ಹಾಕಿದರೆ ಅದರ ತೂಕ ಸುಮಾರು 7 ಟನ್. ಆಗಲೇ 40 ಕಿಲೊ ಫರಸಿಯನ್ನು ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ? ಅಲ್ಲಿ ಎಪ್ಪತ್ತೆಂಬತ್ತು ಸಣ್ಣ ಕಲ್ಲುಗಳಿದ್ದವು. ನೆಲ ಉಬ್ಬಿದರೆ ಒಂದೆರಡು ಕಲ್ಲು ಓರೆಯಾಗ್ತಿದ್ದವು, ಎತ್ತಿ ಸರಿ ಮಾಡ್ತಿದ್ದರು. ಈಗ ಇರೋದು 7 ಟನ್ನಿನ ಒಂದೇ ಕಲ್ಲು. ಅದಕ್ಕೆ ಓರೆಯಾಗೋಕೆ ಬರಲ್ಲ, ಒಡೆಯೋಕೆ ಮಾತ್ರ ಬರುತ್ತೆ.

ಇದಕ್ಕೆ ಮದ್ದು ಇದೆ, ದುಬಾರಿಯದೂ ಅಲ್ಲ. ಮೇಲಿನ ಎರಿ ಮಣ್ಣು ತೆಗೆದು ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ಬಡಿಯಬೇಕು. ನಾಲ್ಕಿಂಚಿನ ಕಾಂಕ್ರೀಟಿಗೆ ಎಂಟ್ಹತ್ತು ಅಡಿಗೊಂದರಂತೆ ಒಂದಿಂಚು ಆಳದ ಗೆರೆ ಕೊಯ್ಯಬೇಕು. ಬಿರುಕು ಹೇಗೂ ಬರುತ್ತೆ, ನಾವು ತೋರಿಸಿದ ಜಾಗದಲ್ಲೇ ಬರಲಿ ಅಂತ. ಮನೆಯಿಂದ ಹೊರಕ್ಕೆ ಇಳಿಜಾರು ಬೇಕು. ಆಮೇಲೆ ಕನಿಷ್ಠ ಒಂದು ವಾರ ನೀರು ಹೊಡೀಬೇಕು. ನಮ್ಮ ಕಡೆ ಮೇ ತಿಂಗಳಲ್ಲಿ ಕಾಂಕ್ರೀಟ್ ಹಾಕಿ ಎರಡನೇ ದಿನಕ್ಕೆ ಟ್ರ್ಯಾಕ್ಟರ್ ನಿಲ್ಲಿಸ್ತಾರೆ. ಸಿಮೆಂಟ್ ತನ್ನ ಬಲದ ಲೆಕ್ಕ ಕೊಡೋದು 28 ದಿನಕ್ಕೆ. ಅಷ್ಟು ತಾಳ್ಮೆ ಇಲ್ಲದವರು ಸಿಮೆಂಟನ್ನು ಬೈಯುವಂತಿಲ್ಲ.

ಎರಡನೇ ಕಾರಣ ನೀರಿಗೆ ದಾರಿ ಇಲ್ಲದಿರೋದು. ನಮ್ಮ ಹಿತ್ತಲಿನ ಕಥೆ ಹೇಳ್ತೀನಿ. ಹಳ್ಳದ ಕಡೆ ಆರಡಿ ಎತ್ತರದ ಹಳೇ ಒಡ್ಡು ಇತ್ತು. ಅಲ್ಲಲ್ಲಿ ಕಲ್ಲು ಸಡಿಲ, ಸಂದಿಯಲ್ಲಿ ಓತಿಕ್ಯಾತ, ಒಮ್ಮೊಮ್ಮೆ ಹಾವು. ಒಬ್ಬ ಗುತ್ತಿಗೆದಾರ ಬಂದು, ಅದನ್ನು ಬಿಚ್ಚಿ, ಸಿಮೆಂಟ್ ಗಾರೆಯಲ್ಲಿ ಕಟ್ಟಿ, ಮುಂದೆ ನುಣ್ಣಗೆ ಗಿಲಾವ್ ಮಾಡಿ ಕೊಟ್ಟ. ನೋಡೋಕೆ ಕೋಟೆ ಗೋಡೆ! ಎರಡು ಮಳೆಗಾಲ ನಿಂತಿತು. ಮೂರನೇದಕ್ಕೆ, ರಾತ್ರಿಯಿಡೀ ಮಳೆ ಬಂದ ಮರುದಿನ, ನಡುವಿನ ಹದಿನೈದು ಅಡಿ ಹೊಟ್ಟೆ ಉಬ್ಬಿ ಹಳ್ಳಕ್ಕೆ ಮಲಗಿತು. ಅಪ್ಪನ ಒಂದು ವರ್ಷದ ಕಬ್ಬಿನ ಲಾಭ ಅದರ ಜೊತೆಗೇ ಹೋಯಿತು. ಗುತ್ತಿಗೆದಾರ "ಮಳಿ ಭಾಳ ಆತ್ರಿ" ಅಂದ.

ಲೆಕ್ಕ ಹಾಕಿ ನೋಡಿ. ಗೋಡೆಯ ಹಿಂದೆ ಆರಡಿ ನೀರು ನಿಂತರೆ, ಪ್ರತಿ ಮೀಟರ್ ಉದ್ದದ ಗೋಡೆಯನ್ನು ಬರೀ ನೀರೇ ಒಂದೂವರೆ ಟನ್ನಿಗಿಂತ ಹೆಚ್ಚು ಬಲದಿಂದ ನೂಕುತ್ತೆ. ಮಣ್ಣಿನ ನೂಕು ಬೇರೆ. ಗೋಡೆ ಮೂರೇ ಅಡಿ ಇದ್ದರೆ ನೀರಿನ ನೂಕು ಇದರ ಕಾಲು ಭಾಗ. ಎತ್ತರ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು, ಬುಡವನ್ನು ಮಗುಚೋ ಶಕ್ತಿ ಎಂಟು ಪಟ್ಟು. ನಮ್ಮ ಗೋಡೆಗೆ ನೀರು ಹೊರಹೋಗೋಕೆ ಒಂದು ತೂತೂ ಇರಲಿಲ್ಲ. ನಾಲ್ಕೈದು ಅಡಿಗೊಂದು ಪೈಪು ಇಟ್ಟು, ಗೋಡೆಯ ಬೆನ್ನಿಗೆ ಒಂದಡಿ ಖಡಿ ತುಂಬಿದ್ದರೆ ಸಾಕಿತ್ತು. ಇಡೀ ಗೋಡೆಯ ಖರ್ಚಿನ ಮುಂದೆ ಅದು ಚಿಲ್ಲರೆ.

ಬಿದ್ದ ಕಲ್ಲುಗಳನ್ನು ನೋಡೋಕೆ ಬಂದ ಊರಿನ ಒಬ್ಬ ಹಿರಿಯ ಗೌಂಡಿ ನಾಲ್ಕು ವರ್ಷದ ನನ್ನ ಓದನ್ನು ಒಂದೇ ಮಾತಿನಲ್ಲಿ ಮುಗಿಸಿದರು: "ಹಳೀ ಒಡ್ಡಿಗೆ ಉಚ್ಚಿ ಬಂದ್ರ ಹೊಯ್ಕೊಂತಿತ್ತು ತಮ್ಮಾ. ಈ ಗ್ವಾಡಿ ತಡಕೊಂಡು ತಡಕೊಂಡು ಸತ್ತು ಹೋತು."

ಹಾಗಂತ ಹಳೇ ಮನೆಗಳೇ ಗಟ್ಟಿ ಅನ್ನೋದೂ ಸುಳ್ಳು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಒಟ್ಟಿಗೆ ಉಕ್ಕಿ ಬಂದಾಗ ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ತಾಲೂಕುಗಳ ನದಿ ದಂಡೆಯಲ್ಲಿ ಮೊದಲು ಕುಸಿದಿದ್ದು ಮಣ್ಣಿನ ಗಾರೆಯ ಮನೆಗಳೇ. ನೀರು ಇಳಿದ ಮೇಲೂ ನೆನೆದ ಗೋಡೆಗಳು ಒಂದೊಂದಾಗಿ ಬಿದ್ದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಆ ದುಡ್ಡಿನಲ್ಲಿ ಯಾರೂ ಮಣ್ಣಿನ ಮನೆ ಕಟ್ಟಲಿಲ್ಲ, ಕಟ್ಟಬೇಕಾಗಿಯೂ ಇಲ್ಲ. ನೀರು ನೋಡಿದವರಿಗೆ ಸಿಮೆಂಟ್ ಅಂದರೆ ನಿದ್ದೆ. ಅವರ ಮುಂದೆ ನಿಂತು "ಪಾರಂಪರಿಕ ವಾಸ್ತುಶಿಲ್ಪ" ಅಂತ ಭಾಷಣ ಮಾಡೋ ಧೈರ್ಯ ನನಗಿಲ್ಲ.

ಸಿಮೆಂಟ್ ಬಂದಿದ್ದು ತಪ್ಪಲ್ಲ. ಅದು ಬರೋವಾಗ ನೀರಿನ ಬಗ್ಗೆ ಒಂದು ತಿಳಿವಳಿಕೆ ಮನೆ ಬಿಟ್ಟು ಹೋಯಿತಲ್ಲ, ನಷ್ಟ ಆಗಿದ್ದು ಅಲ್ಲಿ. ಒಣ ಕಲ್ಲಿನ ಒಡ್ಡು ಹಾಕೋನಿಗೆ ನೀರಿಗೆ ದಾರಿ ಬಿಡು ಅಂತ ಯಾರೂ ಹೇಳಬೇಕಿರಲಿಲ್ಲ. ಕಲ್ಲಿನ ಸಂದಿಯೇ ದಾರಿ. ಸಿಮೆಂಟಿನಲ್ಲಿ ಆ ದಾರಿಯನ್ನು ನಾವು ಯೋಚಿಸಿ ಬಿಡಬೇಕು. ವಿದ್ಯೆ ಕಲ್ಲಿನಲ್ಲೇ ಇತ್ತು, ಹಾಗಾಗಿ ಬಾಯಿಂದ ಬಾಯಿಗೆ ದಾಟಿಸೋ ಅಗತ್ಯವೇ ಬಿದ್ದಿರಲಿಲ್ಲ. ಕಲ್ಲು ಹೋದಾಗ ವಿದ್ಯೆಯೂ ಹೋಯಿತು. ಡಾಕ್ಯುಮೆಂಟೇಶನ್ ಇಲ್ಲದ ಹಳೇ ಕೋಡನ್ನು ಡಿಲೀಟ್ ಮಾಡಿದವರಿಗೆ ಈ ನೋವು ಗೊತ್ತಿರುತ್ತೆ.

ತಮಾಷೆ ಅಂದರೆ ಫರಸಿ ಈಗ ವೇಷ ಬದಲಿಸಿ ವಾಪಸ್ ಬರ್ತಿದೆ. ನಿಮ್ಮ ಅಪಾರ್ಟ್‌ಮೆಂಟಿನ ನಡೆದಾರಿ, ಪಾರ್ಕಿಂಗ್‌ನಲ್ಲಿ ಇರೋ ಪೇವರ್ ಬ್ಲಾಕ್ ನೋಡಿ. ಎರಡನೇ ಮಹಾಯುದ್ಧದ ನಂತರ ಡಚ್ಚರು ಇಟ್ಟಿಗೆ ಹಾಸಿನ ಬದಲು ಬಳಸಿ ಜನಪ್ರಿಯ ಮಾಡಿದ ಈ ತುಂಡು ಕಾಂಕ್ರೀಟಿಗೆ ನಮ್ಮಲ್ಲಿ 2006ರಲ್ಲಿ ಐಎಸ್ 15658 ಅನ್ನೋ ಮಾನದಂಡ ಬಂತು. ವಾಹನ ಓಡಾಡದ ಜಾಗಕ್ಕೆ 50 ಮಿಲಿಮೀಟರ್, ಕಾರು ನಿಲ್ಲೋ ಕಡೆ 60. ಕೆಳಗೆ ಉಸುಕು, ನಡುವೆ ಸಂದಿ, ಕೆಟ್ಟರೆ ಒಂದೇ ತುಂಡು ತೆಗೆದು ಹಾಕಬಹುದು. ನಮ್ಮ ಅಜ್ಜನ ಫರಸಿಯ ತತ್ವವೇ. ಜಮಖಂಡಿ, ಮುಧೋಳದ ಹೊಸ ಬಡಾವಣೆಗಳಲ್ಲೂ ಈಗ ಇದೇ ಹಾಸು. ಆದರೆ ಹುಲ್ಲು ಬರುತ್ತೆ ಅಂತ ಸಂದಿಗೆಲ್ಲ ಸಿಮೆಂಟ್ ಹಾಲು ಸುರೀತಾರೆ. ಸೋರಲಿ ಅಂತಲೇ ಮಾಡಿದ ವಸ್ತುವಿನ ಬಾಯಿ ಹೊಲಿದ ಹಾಗೆ.

ಅಂಗಳದ ನೀರು ಎಲ್ಲಿಗೆ ಹೋಗುತ್ತೆ ಅನ್ನೋದು ಒಂದು ಮನೆಯ ಪ್ರಶ್ನೆಯೂ ಅಲ್ಲ. 20–15 ಅಡಿಯ ಅಂಗಳದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1,400 ಲೀಟರ್ ನೀರು, ಏಳು ಬ್ಯಾರಲ್. ಮಣ್ಣಿನ ಅಂಗಳವಾದರೆ ಒಂದಷ್ಟು ಕುಡೀತಿತ್ತು, ಈಗ ಎಲ್ಲವೂ ಓಣಿಗೆ. ಓಣಿಯಲ್ಲಿ ನೂರು ಮನೆ ಇದ್ದರೆ ಏಳುನೂರು ಬ್ಯಾರಲ್. ಆ ಓಣಿಯೂ ಈಗ ಸಿಸಿ ರಸ್ತೆ.

ನನ್ನನ್ನು ಕಾಡೋ ಅಂಗಳ ಈ ಸಿಸಿ ರಸ್ತೆಯೇ. ಸುವರ್ಣ ಗ್ರಾಮೋದಯದಂಥ ಯೋಜನೆಗಳಲ್ಲಿ ಊರೂರಿಗೆ ಸಿಮೆಂಟ್ ರಸ್ತೆ ಬಂತು. ಕೆಸರು ಹೋಯಿತು, ಒಳ್ಳೇದೇ ಆಯಿತು. ಆದರೆ ಐದಾರು ವರ್ಷಕ್ಕೆ ರಸ್ತೆ ಕಿತ್ತಾಗ ಹಳೇದನ್ನು ಅಗೆದು ತೆಗೆಯಲ್ಲ, ಅದರ ಮೇಲೇ ಇನ್ನಾರು ಇಂಚು ಸುರೀತಾರೆ. ಅಗೆಯೋದಕ್ಕೆ ಬಿಲ್ ಇಲ್ಲ, ಸುರಿಯೋದಕ್ಕೆ ಇದೆ. ಪ್ರತಿ ಟೆಂಡರಿಗೂ ಓಣಿ ಮೇಲೇಳುತ್ತೆ, ಮನೆಗಳು ಕೆಳಗಿಳಿಯುತ್ತವೆ. ಮೂರು ಮೆಟ್ಟಿಲು ಹತ್ತಿ ಹೋಗೋ ಮನೆಗಳಿಗೆ ಈಗ ಒಂದು ಮೆಟ್ಟಿಲು ಉಳಿದಿದೆ. ಕೆಲವು ಮನೆಗಳಿಗೆ ಇಳಿದು ಹೋಗಬೇಕು, ಮಳೆ ಬಂದರೆ ನೀರೂ ಜೊತೆಗೆ ಇಳಿಯುತ್ತೆ. ಆ ಮನೆಯವರು ಹೊಸ್ತಿಲಿಗೆ ಸಿಮೆಂಟಿನ ಒಡ್ಡು ಕಟ್ಟಿಕೊಂಡಿದ್ದಾರೆ. ಮುದುಕರು ಅದನ್ನು ದಾಟೋಕೆ ಗೋಡೆ ಹಿಡೀತಾರೆ.

ನಾವು ಪ್ರತಿ ತಿಂಗಳು ಊರಿಗೆ ದುಡ್ಡು ಕಳಿಸೋರು. "ಅಂಗಳಕ್ಕ ಸಿಮೆಂಟ್ ಹಾಕಿಸ್ಲೇನೋ?" ಅಂತ ಅಪ್ಪ ಫೋನ್ ಮಾಡಿದಾಗ "ಹಾಕ್ಸ್ರಿ, ಎಷ್ಟ್ ಕಳಿಸ್ಲಿ?" ಅಂತ ಮುಗಿಸಿಬಿಡ್ತೀವಿ. ಇನ್ನು ಮೇಲೆ ಇನ್ನೂ ಎರಡು ಪ್ರಶ್ನೆ ಕೇಳೋಣ: ಕೆಳಗ ಎರಿ ತಗದು ಗರಸು ಹಾಕ್ತಾರೇನು? ನೀರು ಎಲ್ಲಿಗೆ ಹೋಗತೈತಿ? ಗ್ರಾಮ ಪಂಚಾಯ್ತಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಹಳೇ ರಸ್ತೆ ಅಗೆದು ಹಾಕ್ತೀರೋ, ಮೇಲೆ ಸುರೀತೀರೋ?

ನಮ್ಮ ಓಣಿಯಲ್ಲಿ ನಮ್ಮ ಮುತ್ಯಾ ಕಟ್ಟಿಸಿದ ಕಟ್ಟಿ ಮೂರಡಿ ಎತ್ತರ ಇತ್ತಂತೆ. ಹೋದ ದೀಪಾವಳಿಗೆ ಟೇಪು ಹಿಡಿದು ಅಳೆದೆ. ಹತ್ತೊಂಬತ್ತು ಇಂಚು ಉಳಿದಿದೆ. ಟೆಂಡರಿಗೆ ಆರಿಂಚಿನ ಲೆಕ್ಕದಲ್ಲಿ, ಇನ್ನು ಮೂರು ಟೆಂಡರು.